ಕೊನೇ ಮನೆಯ ನಲ್ಲಿ

ನಮ್ಮ ದೊಡ್ಡಬಳ್ಳಾಪುರ ತಾಲ್ಲೂಕಿನ ಹಳ್ಳಿಗಳಲ್ಲಿ ನೆಂಟರಿಗೆ ಲೋಟ ಕೊಡುವಾಗ "ಫಿಲ್ಟರ್ ನೀರೇ, ಕುಡೀರಿ" ಅನ್ನುವುದು ವಾಡಿಕೆಯಾಗಿದೆ. ಫಿಲ್ಟರ್ ಅಂದರೆ ಊರಿನ ಶುದ್ಧ ಕುಡಿಯುವ ನೀರಿನ ಘಟಕ; ನಾಣ್ಯ ಹಾಕಿದರೆ ಇಪ್ಪತ್ತು ಲೀಟರ್ ಕ್ಯಾನು ತುಂಬುತ್ತದೆ. ನಲ್ಲಿ ನೀರೇನಿದ್ದರೂ ಪಾತ್ರೆಗೆ, ಸ್ನಾನಕ್ಕೆ, ದನಕ್ಕೆ. ವಿಜ್ಞಾನ ಪಾಠ ಹೇಳಿ ನಿವೃತ್ತಳಾದ ನನಗೆ ಇದು ಅರ್ಧ ಮಾತ್ರ ಸರಿ.

ಇಲ್ಲಿನ ಎಷ್ಟೋ ಬೋರ್‌ವೆಲ್‌ಗಳು ಸಾವಿರ ಅಡಿ ದಾಟಿವೆ. ಅಷ್ಟು ಆಳದ ಬಂಡೆಬಿರುಕುಗಳಲ್ಲಿ ನಿಂತ ನೀರು ಫ್ಲೋರೈಡ್ ಕರಗಿಸಿಕೊಂಡು ಮೇಲೆ ಬರಬಹುದು. ಭಾರತೀಯ ಮಾನಕದಂತೆ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ಮೂಲವೇ ಇಲ್ಲವೆಂದರೆ 1.5. ಗೊಬ್ಬರದಿಂದ, ಶೌಚದ ಗುಂಡಿಯಿಂದ ಇಳಿಯುವ ನೈಟ್ರೇಟಿಗೆ ಮಿತಿ 45. ಕುದಿಸಿದರೆ ಇವೆರಡೂ ಹೋಗುವುದಿಲ್ಲ, ನೀರು ಇಂಗಿದಷ್ಟೂ ಗಟ್ಟಿಯಾಗುತ್ತವೆ. ಅಲ್ಲಿ ಫಿಲ್ಟರ್ ಘಟಕದ ಆರ್‌ಒ ಸೋಸುವಿಕೆಯಂಥದ್ದು ಬೇಕೇ ಬೇಕು. ಊರಿನ ಕೊಳಚೆ, ಕಾರ್ಖಾನೆ ತ್ಯಾಜ್ಯ ಕೆರೆ ಸೇರುತ್ತಿದೆಯೆಂದು ವರ್ಷಗಳಿಂದ ಹೋರಾಡುತ್ತಿರುವ ದೊಡ್ಡತುಮಕೂರು, ಮಜರಾಹೊಸಹಳ್ಳಿಯವರ ಆತಂಕವಂತೂ ಬೇರೆಯೇ.

ಆದರೆ ಪೆನ್ನಿನಂಥ ಟಿಡಿಎಸ್ ಮೀಟರ್ ಅದ್ದಿ "ನೂರೊಳಗಿದೆ, ಶುದ್ಧ" ಅನ್ನುತ್ತಾರಲ್ಲ, ಅದು ನನಗೆ ಹಿಡಿಸದು. ಆ ಮೀಟರು ಲೆಕ್ಕ ಹಾಕುವುದು ಕರಗಿದ ಲವಣವನ್ನು. ವಾಂತಿಭೇದಿ ತರುವ ಕ್ರಿಮಿ ಅದರ ಕಣ್ಣಿಗೆ ಬೀಳುವುದೇ ಇಲ್ಲ. ಪಾತ್ರೆ ತೊಳೆದ, ಮಗು ಬಾಯಿ ಮುಕ್ಕಳಿಸಿದ ನಲ್ಲಿ ನೀರೂ ಹೊಟ್ಟೆ ಸೇರುತ್ತದೆ.

ನಮ್ಮಲ್ಲಿ ನೀರು ದಿನವಿಡೀ ಬರುವುದಿಲ್ಲ. ನೀರುಗಂಟಿ ವಾಲ್ವ್ ಮುಚ್ಚಿದ ಮೇಲೆ ಪೈಪು ಬರಿದಾಗುತ್ತದೆ. ಒಳಗಿನ ಒತ್ತಡ ಇಳಿದಾಗ ಸೋರುವ ಜಾಯಿಂಟು ಪಕ್ಕದ ಚರಂಡಿ ನೀರನ್ನೇ ಒಳಕ್ಕೆ ಎಳೆದುಕೊಳ್ಳುತ್ತದೆ. ನಲ್ಲಿಗೇ ಮೋಟರ್ ಕಟ್ಟಿ ಎಳೆಯುವ ಮನೆಗಳಿದ್ದರಂತೂ ಕೇಳುವುದೇ ಬೇಡ.

ಇದಕ್ಕೆ ಮದ್ದು ಬ್ಲೀಚಿಂಗ್ ಪುಡಿ. ಐವತ್ತು ಸಾವಿರ ಲೀಟರ್ ಟ್ಯಾಂಕಿಗೆ ಲೀಟರಿಗೆ 2 ಮಿಲಿಗ್ರಾಂ ಕ್ಲೋರಿನ್ ಬೇಕೆಂದರೆ, ಶೇ 33 ಸತ್ವದ ಹೊಸ ಪುಡಿ ಸುಮಾರು 300 ಗ್ರಾಂ. ಬಾಯಿ ತೆರೆದ ಚೀಲದಲ್ಲಿ ಸತ್ವ ದಿನೇದಿನೇ ಹಾರಿಹೋಗುತ್ತದೆ; ಅದೇ 300 ಗ್ರಾಂ ಆಗ ಸಾಲದು. ಪುಡಿಯನ್ನು ನೇರ ಸುರಿಯಬಾರದು. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳ ಹಿಡಿದ ಮೇಲೆ ತಿಳಿಯನ್ನಷ್ಟೇ ಟ್ಯಾಂಕಿಗೆ ಬಿಡಬೇಕು, ಅರ್ಧ ಗಂಟೆ ತಡೆದು ವಾಲ್ವ್ ತೆಗೆಯಬೇಕು.

ಪರೀಕ್ಷೆ ಮಾಡಬೇಕಾದದ್ದು ಟ್ಯಾಂಕಿನ ಕೆಳಗಲ್ಲ, ಸಾಲಿನ ಕೊನೇ ಮನೆಯಲ್ಲಿ. ಜಲ ಜೀವನ್ ಮಿಷನ್ನಿನಡಿ ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ನೀರು ಪರೀಕ್ಷೆಯ ತರಬೇತಿ ಕೊಡಬೇಕೆಂದಿದೆ. ನಮ್ಮೂರಿನವರ ಜೊತೆ ನಾನೂ ಕಿಟ್ ಹಿಡಿದು ಹೋಗುತ್ತೇನೆ. ಕೊಳವೆಗೆ ನೀರು ಹಿಡಿದು ದ್ರಾವಣದ ಹನಿ ಬಿಟ್ಟರೆ ಹಳದಿ ಏರಬೇಕು; ಲೀಟರಿಗೆ ಕಡಿಮೆಯೆಂದರೂ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಒಮ್ಮೆ ಟ್ಯಾಂಕಿನ ಬಳಿ ಚೆನ್ನಾಗಿ ಹಳದಿಯಾದದ್ದು ಕೊನೇ ಮನೆಯಲ್ಲಿ ಬಣ್ಣವೇ ತಿರುಗಲಿಲ್ಲ. ನೀರುಗಂಟಿ ಸಾಲು ಹಿಡಿದು ಬಂದು ಮೋರಿಯೊಳಗೆ ಹಾದ ಪೈಪಿನ ಜಾಯಿಂಟ್ ಹುಡುಕಿದ. ಅದಕ್ಕೆ ಸುತ್ತಿದ್ದದ್ದು ಸೈಕಲ್ ಟ್ಯೂಬು.

ಜಾಯಿಂಟ್ ಬದಲಾಯಿತು, ಹಳದಿಯೂ ಬಂತು. ಈಗ ಆ ಸಾಲಿನವರ ದೂರೇ ಬೇರೆ: "ಟೀಚರ್, ನೀರು ಬ್ಲೀಚಿಂಗ್ ನಾತ." ಕೊಡಕ್ಕೆ ತೆಳು ಬಟ್ಟೆ ಕಟ್ಟಿ ಸ್ವಲ್ಪ ಹೊತ್ತು ಇಡಿ, ನಾತ ತಗ್ಗುತ್ತದೆ ಅನ್ನುತ್ತೇನೆ.