ಬೀರು ತುಂಬಿದ ಮೇಲೆ

ಬೀರುವಿನ ಬಾಗಿಲು ತೆರೆದೊಡನೆ ಎರಡು ಸೀರೆಗಳು ಜಾರಿ ಕಾಲಮೇಲೆ ಬೀಳುತ್ತಿದ್ದರೂ, ಅದರ ಒಡತಿ “ಉಟ್ಟುಕೊಂಡು ಹೋಗಲು ಒಂದೂ ಇಲ್ಲ” ಎಂದು ನಿಟ್ಟುಸಿರುಬಿಡುವುದು ನಗರದ ಮನೆಗಳಲ್ಲಿ ಅಪರೂಪದ ದೃಶ್ಯವೇನಲ್ಲ. ಗಂಡಸರು ಇದನ್ನು ಕಂಡು ನಗುವುದುಂಟು. ನಗುವವರ ಮೇಜಿನ ಖಾನೆಯನ್ನೊಮ್ಮೆ ಎಳೆದು ನೋಡಿದರೆ ಅಲ್ಲಿ ನಿಂತುಹೋದ ಕೈಗಡಿಯಾರಗಳು, ಯಾವ ಬೀಗಕ್ಕೂ ಸೇರದ ಬೀಗದಕೈಗಳು, ಎಂದೋ ಕೆಟ್ಟುಹೋದ ಮೊಬೈಲುಗಳ ಚಾರ್ಜರುಗಳು ಒಂದಕ್ಕೊಂದು ಹೆಣೆದುಕೊಂಡು ಬಿದ್ದಿರುತ್ತವೆ. ಅಟ್ಟದ ವಿಷಯವನ್ನಂತೂ ಎತ್ತದಿರುವುದೇ ಲೇಸು.

ಮನೆಯಲ್ಲಿಯೂ ಉಡುಗೆಯಲ್ಲಿಯೂ ಬೇಕಾದಷ್ಟನ್ನು ಮಾತ್ರ ಉಳಿಸಿಕೊಂಡು ಮಿಕ್ಕದ್ದನ್ನು ಬಿಡಬೇಕೆಂಬ ಮಾತು ಈಗ ಮಿನಿಮಲಿಸಂ ಎಂಬ ಹೆಸರಿನಲ್ಲಿ ಹೊರನಾಡುಗಳಿಂದ ಬರುತ್ತಿದೆ. ಹೆಸರು ಹೊಸದಾದರೂ ವಿಚಾರ ಕನ್ನಡಿಗರಿಗೆ ಹೊಸದಲ್ಲ. ಜೈನರು ಯತಿಗಳಿಗೆ ಸಂಪೂರ್ಣ ಅಪರಿಗ್ರಹವನ್ನು ವಿಧಿಸಿದರು; ಗೃಹಸ್ಥರಿಗೆ ಅದು ಸಾಧ್ಯವಿಲ್ಲವೆಂಬುದನ್ನು ಅರಿತು ‘ಪರಿಗ್ರಹಪರಿಮಾಣ’ವೆಂಬ ಅಣುವ್ರತವನ್ನು ಇಟ್ಟರು. ಹೊಲ, ಮನೆ, ಬೆಳ್ಳಿ, ಬಂಗಾರ, ಧಾನ್ಯ, ಬಟ್ಟೆ, ಪಾತ್ರೆ ಇವುಗಳಲ್ಲಿ ತನಗೆ ಎಷ್ಟು ಸಾಕು ಎಂಬುದನ್ನು ಗೃಹಸ್ಥನು ಮೊದಲೇ ಗೊತ್ತುಮಾಡಿಕೊಂಡು, ಆ ಎಲ್ಲೆಯನ್ನು ಮೀರದಿರುವುದೇ ಈ ವ್ರತ. ಇದರ ಜಾಣ್ಮೆ ಇರುವುದು ಎಲ್ಲೆಯನ್ನು ತಾನೇ ಹಾಕಿಕೊಳ್ಳಬೇಕೆಂಬಲ್ಲಿ. ನೆರೆಯವನ ಎಲ್ಲೆಯನ್ನು ಅಳೆಯುವ ಅಧಿಕಾರ ಇದರಿಂದ ಯಾರಿಗೂ ಬರುವುದಿಲ್ಲ.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ನೆಲಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಆಯ್ದಕ್ಕಿ ಮಾರಯ್ಯನ ಕಥೆ ಎಲ್ಲರಿಗೂ ತಿಳಿದದ್ದೇ. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಮಡದಿ ಲಕ್ಕಮ್ಮ ಅದನ್ನು ಒಳಗಿಟ್ಟುಕೊಳ್ಳಲಿಲ್ಲ. ಹೆಚ್ಚಾದದ್ದನ್ನು ತಂದಲ್ಲಿಯೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳುಹಿದಳು. ಇಲ್ಲಿ ‘ಸಾಕು’ ಎಂದವಳು ಅಡಿಗೆಮನೆಯ ಹೊಣೆ ಹೊತ್ತವಳು ಎಂಬುದನ್ನು ಗಮನಿಸಬೇಕು. ನಾಳೆ ಅಕ್ಕಿ ಸಾಲದೆ ಬಂದರೆ ಮೊದಲು ತೊಂದರೆ ಅವಳಿಗೇ. ಆದುದರಿಂದಲೇ ಅವಳ ಮಾತಿಗೆ ಅಷ್ಟು ತೂಕ.

ಸಾಕು ಎನ್ನುವವರು ಒಬ್ಬರು, ಅದರ ಭಾರ ಹೊರುವವರು ಇನ್ನೊಬ್ಬರಾದರೆ ಏನಾಗುತ್ತದೆ? ಇದಕ್ಕೆ ಗಾಂಧೀಜಿಯವರ ಸಂಸಾರಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಕ್ಕಲಾರದು.

1888ರಲ್ಲಿ ವಿದ್ಯಾರ್ಥಿಯಾಗಿ ಲಂಡನ್ನಿಗೆ ಹೋದ ಮೋಹನದಾಸನು ಸರಳತೆಯ ಅವತಾರವೇನೂ ಆಗಿರಲಿಲ್ಲ. ಬಾಂಡ್ ಸ್ಟ್ರೀಟಿನಲ್ಲಿ ಹತ್ತು ಪೌಂಡು ಕೊಟ್ಟು ಸಂಜೆಯ ಸೂಟು ಹೊಲಿಸಿದರು. ಹತ್ತೊಂಬತ್ತು ಷಿಲಿಂಗಿನ ಎತ್ತರದ ಟೋಪಿ ಕೊಂಡರು. ಟೈ ಕಟ್ಟಿ ಬೈತಲೆ ತಿದ್ದಿಕೊಳ್ಳಲು ದೊಡ್ಡ ಕನ್ನಡಿಯ ಮುಂದೆ ದಿನಕ್ಕೆ ಹತ್ತು ನಿಮಿಷ ಕಳೆಯುತ್ತಿದ್ದರು. ಇದನ್ನೆಲ್ಲ ಅವರೇ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಖರ್ಚಿನ ಲೆಕ್ಕವನ್ನು ಪೈಸೆ ಪೈಸೆಗೂ ಬರೆದಿಡುವ ಅಭ್ಯಾಸವಿದ್ದುದರಿಂದ ಎಚ್ಚರ ಮೂಡಿತು. ಒಂದೇ ಕೋಣೆಗೆ ಬಂದರು. ಬೆಳಗಿನ ಉಪಾಹಾರವನ್ನು ತಾವೇ ಬೇಯಿಸಿಕೊಂಡರು. ಮುಂದೆ ದಕ್ಷಿಣ ಆಫ್ರಿಕದಲ್ಲಿ ಅಗಸನ ಖರ್ಚು ಉಳಿಸಲು ಕಾಲರನ್ನು ತಾವೇ ಒಗೆದು ಗಂಜಿ ಹಾಕಿದಾಗ, ಗಂಜಿ ಹೆಚ್ಚಾಗಿ ನ್ಯಾಯಾಲಯದಲ್ಲಿ ಕಾಲರಿನಿಂದ ಉದುರತೊಡಗಿತಂತೆ! ಜೊತೆಯ ಬ್ಯಾರಿಸ್ಟರುಗಳು ನಕ್ಕರು. ಇವರೂ ನಕ್ಕು, ಮರುದಿನವೂ ಅದೇ ಕೆಲಸ ಮಾಡಿದರು.

ಇಲ್ಲಿಯವರೆಗೆ ತ್ಯಾಗವೆಲ್ಲ ತಮ್ಮದೇ ಕಾಲರಿನದು. 1901ರಲ್ಲಿ ಅವರು ನಾಟಾಲನ್ನು ಬಿಟ್ಟು ಸ್ವದೇಶಕ್ಕೆ ಹೊರಟಾಗ ಅಲ್ಲಿನ ಭಾರತೀಯರು ಪ್ರೀತಿಯಿಂದ ಉಡುಗೊರೆಗಳ ಮಳೆಗರೆದರು. ಚಿನ್ನ, ಬೆಳ್ಳಿ, ವಜ್ರದ ಒಡವೆಗಳು. ಅವುಗಳ ನಡುವೆ ಕಸ್ತೂರಬಾ ಅವರಿಗೆಂದೇ ಕೊಟ್ಟ ಐವತ್ತು ಗಿನಿ ಬೆಲೆಯ ಚಿನ್ನದ ಹಾರ. ಸಾರ್ವಜನಿಕ ಸೇವೆಗೆ ಪ್ರತಿಫಲವೆಂದು ಬಂದದ್ದನ್ನು ಇಟ್ಟುಕೊಳ್ಳುವುದು ಹೇಗೆಂದು ಗಾಂಧೀಜಿ ರಾತ್ರಿಯೆಲ್ಲ ನಿದ್ದೆಯಿಲ್ಲದೆ ಓಡಾಡಿದರು. ಎಲ್ಲವನ್ನೂ ಸಮಾಜದ ಹೆಸರಿಗೆ ನಿಧಿಯಾಗಿ ಬಿಟ್ಟುಕೊಡುವ ಪತ್ರವನ್ನೂ ಬರೆದರು. ಮೊದಲು ಒಪ್ಪಿಸಿದ್ದು ಮಕ್ಕಳನ್ನು. ತಾಯಿಯನ್ನು ಒಪ್ಪಿಸಲು ಮಕ್ಕಳೇ ವಕೀಲರಾದರು. ವಕೀಲಿಯ ಜಾಣತನ ಇಲ್ಲಿಯೂ ಬಿಡಲಿಲ್ಲವೆನ್ನಬೇಕು.

ಕಸ್ತೂರಬಾ ಸುಲಭವಾಗಿ ಸೋಲಲಿಲ್ಲ. ಗಂಡನಿಗೆ ಬೇಡವಾಗಿರಬಹುದು, ಮಕ್ಕಳೂ ಅವರು ಕುಣಿಸಿದಂತೆ ಕುಣಿಯಬಹುದು, ಆದರೆ ನಾಳೆ ಬರುವ ಸೊಸೆಯಂದಿರಿಗೆ ಏನು ಎಂದು ಕೇಳಿದರು. ಮಕ್ಕಳನ್ನು ಈಗಲೇ ಸಾಧುಗಳನ್ನಾಗಿ ಮಾಡಹೊರಟಿರುವಿರಲ್ಲಾ ಎಂದು ಮೂದಲಿಸಿದರು. ತಮಗೆ ಕೊಟ್ಟ ಹಾರದ ಮೇಲೆ ಗಂಡನಿಗೆ ಏನು ಹಕ್ಕು ಎಂದರು. ಅದು ಬಂದದ್ದು ಯಾರ ಸೇವೆಗಾಗಿ ಎಂದು ಗಾಂಧೀಜಿ ಕೇಳಿದಾಗ, ಹಗಲಿರುಳು ನಿಮಗಾಗಿಯೂ ನೀವು ಮನೆಗೆ ಕರೆತಂದವರಿಗಾಗಿಯೂ ಕಣ್ಣೀರಿಡುತ್ತ ದುಡಿದದ್ದು ಸೇವೆಯಲ್ಲವೇ ಎಂದು ತಿರುಗಿ ಕೇಳಿದರು. ಆ ಮಾತುಗಳಲ್ಲಿ ಕೆಲವು ನಾಟಿದವೆಂದು ಗಾಂಧೀಜಿಯೇ ಒಪ್ಪಿದ್ದಾರೆ. ಕೊನೆಗೆ ಒಡವೆಗಳೆಲ್ಲ ಬ್ಯಾಂಕಿಗೆ ಹೋದವು. ಹೇಗೋ ಒಪ್ಪಿಗೆಯನ್ನು ಕಿತ್ತುಕೊಂಡೆನೆಂಬ ಅರ್ಥದ ಮಾತನ್ನೇ ಅವರು ಬಳಸಿದ್ದಾರೆ. ಕ್ರಮೇಣ ಆಕೆಗೂ ಅದು ಸರಿಯೆಂದು ತೋರಿತೆಂಬುದು ಅವರ ಹೇಳಿಕೆ. ಆಕೆ ಆತ್ಮಕಥೆ ಬರೆಯಲಿಲ್ಲ.

ವರ್ಷಗಳು ಕಳೆದಂತೆ ಆಕೆಯ ಉಡುಗೆಯೂ ಬಿಳಿಯ ಖಾದಿಯ ಸೀರೆಗೆ ಇಳಿಯಿತು. 1944ರ ಫೆಬ್ರವರಿ 22ರಂದು ಪುಣೆಯ ಆಗಾ ಖಾನ್ ಅರಮನೆಯ ಸೆರೆವಾಸದಲ್ಲಿ ತೀರಿಕೊಂಡಾಗ ಉಡಿಸಿದ್ದು ಗಾಂಧೀಜಿ ನೂತ ನೂಲಿನ ಸೀರೆ. ಅದು ಆಕೆಯದೇ ಇಚ್ಛೆಯಾಗಿತ್ತು.

ಗಾಂಧೀಜಿ ತುಂಡುಬಟ್ಟೆಗೆ ಬಂದದ್ದು 1921ರ ಸೆಪ್ಟೆಂಬರ್ 22ರಂದು, ಮಧುರೆಯಲ್ಲಿ. ವಿದೇಶಿ ಬಟ್ಟೆಯನ್ನು ಬಿಟ್ಟು ಖಾದಿ ಉಡಿರೆಂದರೆ, ಅದನ್ನು ಕೊಳ್ಳಲು ನಮ್ಮಲ್ಲಿ ಹಣವೆಲ್ಲಿದೆ ಎಂದು ಬಡವರು ಕೇಳಿದ್ದರು. ಹಾಗಾದರೆ ಕಡಮೆ ಬಟ್ಟೆಯಿಂದಲೇ ನಡೆಯಲಿ ಎಂದು ತಾವೇ ತೋರಿಸಿದರು. ಮೊದಲು ಗೊತ್ತುಮಾಡಿಕೊಂಡ ಗಡುವು ಅಕ್ಟೋಬರ್ 31ರವರೆಗೆ ಮಾತ್ರ, ಉಳಿದದ್ದು ಜೀವಮಾನವೆಲ್ಲ.

ಅವರ ಜೊತೆಯವರಿಗೂ ಈ ವಿದ್ಯೆ ಸುಲಭವಾಗಿರಲಿಲ್ಲ. 1931ರಲ್ಲಿ ದುಂಡುಮೇಜಿನ ಪರಿಷತ್ತಿಗೆಂದು ‘ರಜಪೂತಾನಾ’ ಹಡಗನ್ನೇರಿದಾಗ ಮಹಾದೇವ ದೇಸಾಯಿ ಮೊದಲಾದವರು ಇಂಗ್ಲೆಂಡಿನ ಚಳಿಯ ಹೆಸರು ಹೇಳಿ ಮಿತ್ರರು ಕೊಟ್ಟುದನ್ನೆಲ್ಲ ತುಂಬಿಕೊಂಡು ಬಂದಿದ್ದರು. ಸಾಮಾನಿನ ರಾಶಿಯನ್ನು ಕಂಡು ಗಾಂಧೀಜಿ ಕೆರಳಿದರು. ಒಂದೊಂದು ಪದಾರ್ಥಕ್ಕೂ ವಿಚಾರಣೆ ನಡೆಯಿತು. ಹಡಗು ಏಡನ್ ಮುಟ್ಟಿದಾಗ ಏಳು ಪೆಟ್ಟಿಗೆಗಳು ಮರಳಿ ಮುಂಬಯಿಯ ದಾರಿ ಹಿಡಿದವು. ಇಷ್ಟು ಮಂದಿ ಸತ್ಯಾಗ್ರಹಿಗಳ ನಡುವೆಯೂ ಏಳು ಪೆಟ್ಟಿಗೆ ಹೆಚ್ಚಾಗಿದ್ದರೆ, ಬೆಂಗಳೂರಿನ ಒಂದು ಸಂಸಾರದಲ್ಲಿ ಎಷ್ಟು ಹೆಚ್ಚಿರಬಹುದೆಂಬುದನ್ನು ಓದುಗರೇ ಊಹಿಸಿಕೊಳ್ಳಬಹುದು.

ಹೀಗೆ ಬದುಕಿದವರ ಸಾಮಾನುಗಳಿಗೆ ಬಂದ ಗತಿ ವಿಚಿತ್ರವಾದುದು. 2009ರ ಮಾರ್ಚಿಯಲ್ಲಿ ಅವರ ಕನ್ನಡಕ, ಚಪ್ಪಲಿ, ಗಡಿಯಾರ, ತಟ್ಟೆ, ಬಟ್ಟಲುಗಳು ನ್ಯೂಯಾರ್ಕಿನಲ್ಲಿ ಹರಾಜಾದಾಗ ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ 18 ಲಕ್ಷ ಡಾಲರುಗಳಿಗೆ ಅವನ್ನು ಕೊಂಡರು.

ಇತ್ತೀಚಿನವರಲ್ಲಿ ಹೆಚ್ಚು ಹೆಸರಾದವರು ಜಪಾನಿನ ಮಾರಿಯೇ ಕೊಂಡೋ. 2011ರಲ್ಲಿ ಹೊರಬಂದ ಅವರ ಪುಸ್ತಕ ಮುಂದೆ ಹಲವು ಭಾಷೆಗಳಿಗೆ ಅನುವಾದವಾಯಿತು. ಬಟ್ಟೆಗಳನ್ನೆಲ್ಲ ಒಂದೇ ರಾಶಿ ಹಾಕಿ, ಒಂದೊಂದನ್ನೂ ಕೈಯಲ್ಲಿ ಹಿಡಿದು, ಮನಸ್ಸು ಅರಳಿದರೆ ಇಟ್ಟುಕೊಳ್ಳಬೇಕು, ಇಲ್ಲವಾದರೆ ಬಿಡಬೇಕು. ಬಟ್ಟೆ ಮೊದಲು, ನೆನಪಿನ ವಸ್ತುಗಳು ಕಟ್ಟಕಡೆಗೆ. ಇದು ಅವರ ವಿಧಾನ. ಅರಳುವ ಮಾತು ಅಡಿಗೆಮನೆಯ ಸಟ್ಟುಗಕ್ಕೆ ಹೇಗೆ ಅನ್ವಯಿಸಬೇಕೋ ತಿಳಿಯದು. ಆದರೆ ಅವರ ಇನ್ನೊಂದು ಸೂತ್ರ ಬಹಳ ಬೆಲೆಯುಳ್ಳದ್ದು: ಮನೆಮಂದಿಯ ವಸ್ತುಗಳನ್ನು ಅವರಿಗೆ ತಿಳಿಯದಂತೆ ಎಸೆಯಕೂಡದು. ಚಿಕ್ಕಂದಿನಲ್ಲಿ ಹಾಗೆ ಮಾಡಿ ಮನೆಯವರಿಂದ ಛೀಮಾರಿ ಹಾಕಿಸಿಕೊಂಡ ಮೇಲೆ ಕಲಿತ ಪಾಠವದು. ಮೂರನೆಯ ಮಗು ಹುಟ್ಟಿದ ಮೇಲೆ ಮನೆಯನ್ನು ಅಷ್ಟು ಓರಣವಾಗಿಡುವುದನ್ನು ತಾವೂ ಹೆಚ್ಚುಕಡಮೆ ಕೈಬಿಟ್ಟಿರುವುದಾಗಿ ಅವರು 2023ರಲ್ಲಿ ಹೇಳಿದಾಗ ಅನೇಕ ತಾಯಂದಿರು ಸಮಾಧಾನದ ಉಸಿರು ಬಿಟ್ಟಿರಬೇಕು.

ನಮ್ಮ ಮನೆಗಳಲ್ಲಿ ಈ ಸೂತ್ರವನ್ನು ಮುರಿಯುವವರೇ ಹೆಚ್ಚು. ಸರಳ ಜೀವನದ ಹುರುಪು ಹತ್ತಿದ ಯಜಮಾನರು ಮೊದಲು ಕೈಹಾಕುವುದು ತಮ್ಮ ಪುಸ್ತಕದ ಕಪಾಟಿಗಲ್ಲ, ಅತ್ತೆಯವರ ಹಿತ್ತಾಳೆ ಪಾತ್ರೆಗಳಿಗೆ. ಹಿರಿಯರು ಖಾಲಿ ಡಬ್ಬಿಯನ್ನೂ ದಾರದ ತುಂಡನ್ನೂ ಎತ್ತಿಡುವುದನ್ನು ಕಂಡು ಹಾಸ್ಯಮಾಡುವುದು ಸುಲಭ. ಪಡಿತರದ ಚೀಟಿ ಹಿಡಿದು ಸಾಲಿನಲ್ಲಿ ನಿಂತು ಸಕ್ಕರೆ, ಸೀಮೆಎಣ್ಣೆ ತಂದ ಕೈಗಳು ಅವು. ಎತ್ತಿಟ್ಟದ್ದು ಒಂದಲ್ಲ ಒಂದು ದಿನ ಮಾನ ಕಾಪಾಡಿದೆ. ಬೇಕೆಂದಾಗ ಮರಳಿ ಕೊಳ್ಳಬಲ್ಲವರಿಗೆ ಬಿಸಾಡುವ ಧೈರ್ಯ ತಾನಾಗಿ ಬರುತ್ತದೆ. ಇನ್ನು ಬಟ್ಟೆ ಕಡಮೆಯಾದಷ್ಟೂ ಒಗೆತ ನಿತ್ಯದ್ದಾಗುತ್ತದೆ. ಎರಡೇ ಜೊತೆ ಉಡುಪು ಸಾಕೆನ್ನುವವರು ಅದನ್ನು ತಾವೇ ಒಗೆಯುತ್ತಾರೆಯೇ ಎಂಬುದನ್ನು ಮೊದಲು ಕೇಳಬೇಕು. ಮಲೆನಾಡಿನ ಆಷಾಢದಲ್ಲಿ ಒದ್ದೆ ಬಟ್ಟೆ ಮೂರು ದಿನಕ್ಕೂ ಒಣಗದೆಂಬುದನ್ನು ಅಲ್ಲಿಯವರಿಗೆ ಯಾರೂ ಹೇಳಬೇಕಾಗಿಲ್ಲ.

ಬೇಡವೆಂದು ತೆಗೆದದ್ದು ಎಲ್ಲಿಗೆ ಹೋಗಬೇಕೆಂಬುದೂ ಸಣ್ಣ ಪ್ರಶ್ನೆಯಲ್ಲ. ಉತ್ತರ ಕರ್ನಾಟಕದಲ್ಲಿ ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದು ಕೌದಿ ಮಾಡುವ ಪದ್ಧತಿಯಿದೆ. ಅಜ್ಜಿಯ ಹತ್ತಿಯ ಸೀರೆ ಮೊಮ್ಮಗುವಿನ ಹೊದಿಕೆಯಾಗಿ, ಕೊನೆಗೆ ಒರಸುವ ಬಟ್ಟೆಯಾಗಿ ಮುಗಿಯುತ್ತಿತ್ತು. ಈಗಿನ ಪಾಲಿಯೆಸ್ಟರ್ ಸೀರೆ ನೀರನ್ನೂ ಹೀರದು, ಮಣ್ಣಿನಲ್ಲಿಯೂ ಕರಗದು. ಶ್ರೀಮಂತ ದೇಶಗಳವರು ಬಿಟ್ಟ ಬಟ್ಟೆಗಳು ಚಿಲಿ ದೇಶದ ಅಟಕಾಮಾ ಮರುಭೂಮಿಯಲ್ಲಿ ದಿಬ್ಬಗಳಾಗಿ ಬಿದ್ದಿರುವುದನ್ನು ಪತ್ರಿಕೆಗಳ ಚಿತ್ರಗಳಲ್ಲಿ ಹಲವರು ನೋಡಿರಬಹುದು.

ಹಳೆಯ ಬಟ್ಟೆಗೆ ಪಾತ್ರೆ ಕೊಡುವ ಹೆಂಗಸರು ಕೆಲವು ಬೀದಿಗಳಿಗೆ ಇನ್ನೂ ಬರುತ್ತಾರೆ. ಜರಿಯಿದ್ದರೆ ಒಂದು ಬೆಲೆ, ಇಲ್ಲದಿದ್ದರೆ ಇನ್ನೊಂದು. ಅರ್ಧ ಗಂಟೆಯ ಚೌಕಾಸಿಯ ನಂತರ ಬೀರುವಿನಿಂದ ನಾಲ್ಕು ಸೀರೆಗಳೂ ಎರಡು ಷರಾಯಿಗಳೂ ಹೊರಗೆ ಹೋಗುತ್ತವೆ. ಒಂದು ಸ್ಟೀಲ್ ಡಬ್ಬಿ ಒಳಗೆ ಬರುತ್ತದೆ. ಅಡಿಗೆಮನೆಯ ಗೂಡಿನಲ್ಲಿ ಜಾಗವಿಲ್ಲದ್ದರಿಂದ ಅದನ್ನು ಅಟ್ಟದ ಮೇಲೆ ಇಡುತ್ತಾರೆ.