ಬಾಡಿಗೆ ಗಾಡಿ ಮರಳಿಸುವಾಗ ‘ಡ್ಯಾಮೇಜ್’ ಎಂದು ಡಿಪಾಸಿಟ್ ಹಿಡಿದರೆ



ಕುಪವಾಡ ಎಂಐಡಿಸಿಯ ಒಂದು ಕಾಸ್ಟಿಂಗ್ ಕಾರಖಾನೆಯಲ್ಲಿ ದುಡಿಯುವ ನಮ್ಮ ಸದಸ್ಯರೊಬ್ಬರು ಮನೆಮಂದಿಯನ್ನು ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಕರೆದುಕೊಂಡು ಹೋಗಿದ್ದರು. ವಯಸ್ಸಾದ ತಾಯಿ, ಇಬ್ಬರು ಅಕ್ಕಂದಿರು, ಮಕ್ಕಳು. ಮಿರಜದಿಂದ ಬೆಳಗಾವಿವರೆಗೆ ರೈಲು, ಅಲ್ಲಿಂದ ಮೂರು ದಿನಕ್ಕೆ ತಾವೇ ನಡೆಸುವ ಬಾಡಿಗೆ ಗಾಡಿ. ಡಿಪಾಸಿಟ್ 10,000 ರೂಪಾಯಿ. ಮೂರನೆಯ ದಿನ ರಾತ್ರಿ ಗಾಡಿ ಒಪ್ಪಿಸಲು ಹೋದಾಗ ಅಲ್ಲಿದ್ದ ಹುಡುಗ ಮೊಬೈಲಿನ ಬೆಳಕು ಹಿಡಿದು ಗಾಡಿಯ ಸುತ್ತ ಒಂದು ಸುತ್ತು ಹಾಕಿದ.

‘ಇದೇನ್ರಿ ಕಾಕಾ, ಎಡಗಡಿ ಬಾಗಲಾ ತರಚೇತಿ. ಮುಂದಿನ ಬಂಪರ್ ಕೆತ್ತೇತಿ.’

‘ಬಂಪರ್ ನಮ್ಮದ ತಪ್ಪ ತಮ್ಮಾ. ಗುಡ್ಡದಾಗ ಗಾಡಿ ಹಚ್ಚೂಮುಂದ ಕಲ್ಲಿಗೆ ತಾಗೇತಿ. ಬಾಗಲಾ ಮಾತ್ರ ನೀವು ಕೊಟ್ಟಾಗನ ಹಂಗಿತ್ತು.’

‘ಅದೆಲ್ಲಾ ನನಗ ಗೊತ್ತಿಲ್ರಿ. ಒಯ್ಯುವಾಗ ಗಾಡಿ ಚಲೋ ಐತಿ ಅಂತ ಸಹಿ ಮಾಡೀರಿ.’

ಮಿರಜದ ರೈಲಿಗೆ ಮುಕ್ಕಾಲು ಗಂಟೆ ಉಳಿದಿತ್ತು. ತಾಯಿಯವರು ಹೊರಗೆ ಗಂಟುಮೂಟೆಯ ಜೊತೆ ಕೂತಿದ್ದರು. ಹುಡುಗ ಚಾಚಿದ ಇನ್ನೊಂದು ಕಾಗದಕ್ಕೂ ನಮ್ಮವರು ಸಹಿ ಹಾಕಿ ಬಂದರು. ಎರಡು ದಿನದ ಮೇಲೆ ವಾಟ್ಸಾಪಿನಲ್ಲಿ ಲೆಕ್ಕ ಬಂತು: ಹೊಸ ಬಂಪರ್ 6,800, ಬಾಗಿಲಿನ ಪೇಂಟ್ 4,200, ಗಾಡಿ ನಿಂತ ದಿನಗಳ ಬಾಡಿಗೆ 3,500, ಒಟ್ಟು 14,500 ರೂಪಾಯಿ. ಡಿಪಾಸಿಟ್ ಮುರಿದುಕೊಂಡಿದ್ದೇವೆ, ಇನ್ನೂ 4,500 ಕಳಿಸಿ ಎಂದಿತ್ತು.

ಆ ವಾಟ್ಸಾಪ್ ಹಿಡಿದುಕೊಂಡು ಅವರು ನಮ್ಮ ಬಳಿ ಬಂದರು. ಇಂಥದ್ದು ನಮ್ಮ ಗಡಿ ಊರುಗಳಲ್ಲಿ ಹೊಸದಲ್ಲ. ಗಾಡಿ ಒಂದು ರಾಜ್ಯದ್ದು, ಮನೆ ಇನ್ನೊಂದು ರಾಜ್ಯದಲ್ಲಿ. ‘ಅಲ್ಲಿಗೆ ಯಾರು ಅಡ್ಡಾಡೋರು, ಹೋಗಲಿ ಬಿಡು’ ಎಂದು ಬಿಟ್ಟವರೇ ಹೆಚ್ಚು. ಆದ್ದರಿಂದ ಈ ವಿಷಯವನ್ನು ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇವೆ.

ಮೊದಲು ತಿಳಿಯಬೇಕಾದ್ದು, ಡಿಪಾಸಿಟ್ ಅವರ ಕೈಯಲ್ಲಿದೆ ಎಂದಮಾತ್ರಕ್ಕೆ ತೀರ್ಪು ಕೊಡುವ ಅಧಿಕಾರ ಅವರದಾಗುವುದಿಲ್ಲ. ಹಣ ಕೇಳುವವರು ಎರಡು ಸಂಗತಿ ತೋರಿಸಬೇಕು. ಒಂದು, ಆ ಪೆಟ್ಟು ಗಾಡಿ ನಿಮ್ಮ ಕೈಯಲ್ಲಿದ್ದಾಗಲೇ ಬಿದ್ದದ್ದು. ಎರಡು, ಅದರಿಂದ ಅವರಿಗೆ ನಿಜವಾಗಿ ಆದ ನಷ್ಟ ಇಷ್ಟು. 1872ರ ಕರಾರು ಕಾಯ್ದೆಯ 74ನೇ ಕಲಮಿನ ಪ್ರಕಾರ ಕರಾರಿನಲ್ಲಿ ದಂಡದ ಮೊತ್ತ ಬರೆದಿದ್ದರೂ ಸಿಗುವುದು ನ್ಯಾಯವಾದ ಪರಿಹಾರ ಮಾತ್ರ. ಬರೆದ ಮೊತ್ತ ಅದಕ್ಕೆ ಮೇಲ್ಮಿತಿ. ಸುಪ್ರೀಂ ಕೋರ್ಟು 1963ರ ಫತೇಹ್ ಚಂದ್ ಪ್ರಕರಣದಲ್ಲಿಯೂ 2015ರ ಕೈಲಾಸನಾಥ್ ಅಸೋಸಿಯೇಟ್ಸ್ ಪ್ರಕರಣದಲ್ಲಿಯೂ ಈ ಕಲಮನ್ನು ವಿವರಿಸಿದೆ. ಅವೆರಡೂ ಜಮೀನು, ನಿವೇಶನದ ವ್ಯವಹಾರಗಳು. ಆದರೆ ನಷ್ಟವೇ ಆಗದಿದ್ದರೆ ಮುಂಗಡವನ್ನು ಸುಮ್ಮನೆ ನುಂಗುವಂತಿಲ್ಲ ಎಂಬ ಮಾತು ಬಾಡಿಗೆ ಗಾಡಿಯ ಡಿಪಾಸಿಟ್ಟಿಗೂ ಹೊಂದುತ್ತದೆ. ‘ಸಣ್ಣ ತರಚಿಗೆ 5,000, ದೊಡ್ಡದಕ್ಕೆ 10,000’ ಎಂದು ಗೋಡೆಗೆ ಪಟ್ಟಿ ಹಚ್ಚಿದ್ದರೂ ಲೆಕ್ಕ ಕೇಳುವ ಹಕ್ಕು ನಿಮಗಿದೆ.

ಈಗ ನಮ್ಮ ಸದಸ್ಯರ ಬಿಲ್ಲನ್ನೇ ನೋಡೋಣ.

ಬಂಪರಿನ ಕೆಳ ಅಂಚು ಒಂದು ಗೇಣಿನಷ್ಟು ಕೆತ್ತಿತ್ತು. ಒಡೆದಿರಲಿಲ್ಲ, ಜಾಗ ಬಿಟ್ಟಿರಲಿಲ್ಲ. ಅದನ್ನು ತಿಕ್ಕಿ ಬಣ್ಣ ಹೊಡೆದರೆ ಸಾಕೆಂದು ನಮ್ಮಲ್ಲೇ ಇರುವ ಗ್ಯಾರೇಜಿನ ಮೇಸ್ತ್ರಿಗಳು ಫೋಟೊ ನೋಡಿಯೇ ಹೇಳಿದರು. ರಿಪೇರಿಗೆ ಬರುವ ಭಾಗಕ್ಕೆ ಹೊಸ ಭಾಗದ ಬೆಲೆ ಹಾಕಿದಾಗ ಕೇಳಬೇಕಾದ್ದು ಇಷ್ಟೇ: ಹೊಸ ಬಂಪರ್ ಹಾಕಿದ ಗ್ಯಾರೇಜಿನ ಬಿಲ್ ಎಲ್ಲಿ? ಅಂದಾಜು ಪಟ್ಟಿಯಲ್ಲ, ಜಿಎಸ್‌ಟಿ ನಂಬರ್ ಇರುವ ಬಿಲ್. ಎಷ್ಟೋ ಸಲ ಬಿಲ್ ಇರುವುದೇ ಇಲ್ಲ. ಗಾಡಿ ಅದೇ ತರಚಿನೊಂದಿಗೆ ಮರುದಿನ ಇನ್ನೊಬ್ಬರಿಗೆ ಬಾಡಿಗೆಗೆ ಹೋಗಿರುತ್ತದೆ, ಅವರಿಗೂ ಅದೇ ತರಚನ್ನು ತೋರಿಸಲಾಗುತ್ತದೆ. ಗಾಡಿ ನಿಂತ ದಿನಗಳ ಬಾಡಿಗೆಗೂ ಇದೇ ಮಾತು. ಗ್ಯಾರೇಜಿಗೆ ಯಾವ ದಿನ ಒಳಗೆ ಹೋಯಿತು, ಯಾವ ದಿನ ಹೊರಗೆ ಬಂತು ಎಂಬುದು ಜಾಬ್ ಕಾರ್ಡಿನಲ್ಲಿ ಬರೆದಿರುತ್ತದೆ. ಅದನ್ನು ಕೇಳಿ.

ಟಾಯರ್, ಕ್ಲಚ್ ಪ್ಲೇಟಿನದು ಬೇರೆ ತಕರಾರು. ಇವು ಓಡಿದಂತೆ ಸವೆಯುವ ವಸ್ತುಗಳು. ಮೊದಲೇ ಸವೆದ ಟಾಯರ್ ನಿಮ್ಮ ಕೈಯಲ್ಲಿ ಒಡೆದರೆ ಹೊಸ ಟಾಯರಿನ ಪೂರ್ತಿ ಬೆಲೆ ನಿಮ್ಮ ತಲೆಗೆ ಬರುವುದು ಸರಿಯಲ್ಲ. ಟಾಯರಿನ ಗಾಡುಗಳಲ್ಲಿ 1.6 ಮಿಲಿಮೀಟರಿಗಿಂತ ಕಡಿಮೆ ಆಳ ಉಳಿದಿದ್ದರೆ ನಿಯಮದಂತೆ ಆ ಗಾಡಿ ರಸ್ತೆಗೇ ಬರಬಾರದು. ಗಾಡಿ ತೆಗೆದುಕೊಳ್ಳುವಾಗ ಟಾಯರಿನ ಗಾಡುಗಳ ಫೋಟೊ ಒಂದು ಇರಲಿ. ಕ್ಲಚ್ಚಿನ ವಾಸನೆ ಬಂದರೆ ಹೊರಟ ಐದು ನಿಮಿಷದಲ್ಲೇ ಫೋನ್ ಮಾಡಿ ಹೇಳಿ, ಆಮೇಲೆ ಮೆಸೇಜನ್ನೂ ಕಳಿಸಿ.

‘ಇನ್ಶುರನ್ಸ್ ಇದೆಯಲ್ಲ, ನಮ್ಮಿಂದ ಯಾಕೆ?’ ಎಂದು ಕೇಳುವವರಿದ್ದಾರೆ. ಪ್ರಶ್ನೆ ಸರಿಯಾದದ್ದೇ. ಆದರೆ ಸಾದಾ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ 50% ಸವಕಳಿ ಕಳೆದು ಹಣ ಕೊಡುತ್ತಾರೆ, ಜೊತೆಗೆ ಒಂದು ಸಣ್ಣ ಮೊತ್ತವನ್ನು ಮಾಲಕರೇ ಹಾಕಬೇಕು. ಒಂದು ಸಲ ಕ್ಲೇಮ್ ಮಾಡಿದರೆ 20%ರಿಂದ 50%ವರೆಗೆ ಸಿಗುವ ನೋ ಕ್ಲೇಮ್ ಬೋನಸ್ ಹೋಗುತ್ತದೆ. ಅದಕ್ಕೇ ಸಣ್ಣ ಪೆಟ್ಟಿಗೆ ಮಾಲಕರು ಇನ್ಶುರನ್ಸ್ ಕಡೆ ಹೋಗುವುದಿಲ್ಲ, ಗಿರಾಕಿಯ ಕಡೆ ತಿರುಗುತ್ತಾರೆ. ಕರಾರಿನಲ್ಲಿ ‘ಗಿರಾಕಿಯ ಹೊಣೆ ಇಷ್ಟರವರೆಗೆ’ ಎಂಬ ಸಾಲು ಇದೆಯೇ ಎಂದು ಹುಡುಕಿ. ಇದ್ದರೆ ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ. ಇನ್ಶುರನ್ಸಿನಿಂದಲೂ ನಿಮ್ಮಿಂದಲೂ ಎರಡೂ ಕಡೆ ಹಣ ಪಡೆಯುವಂತೆಯೂ ಇಲ್ಲ.

ಇಲ್ಲಿಯೇ ನಂಬರ್ ಪ್ಲೇಟಿನ ಮಾತು. ತಾವೇ ನಡೆಸಲು ಬಾಡಿಗೆಗೆ ಕೊಡುವ ಗಾಡಿಗೆ ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ ಇರಬೇಕು. ಗೋವಾಕ್ಕೆ ಹೋದವರು ಬಾಡಿಗೆ ಬೈಕುಗಳ ಮೇಲೆ ಇದನ್ನು ನೋಡಿರುತ್ತೀರಿ. ಕಾರಿಗೆ 1989ರ ಯೋಜನೆ, ಬೈಕಿಗೆ 1997ರ ಯೋಜನೆ ಇದೆ, ಎರಡಕ್ಕೂ ಲೈಸೆನ್ಸ್ ಬೇಕು. ಕಾರಿನ ಲೈಸೆನ್ಸಿಗೆ ಕನಿಷ್ಠ 50 ಗಾಡಿ ಇರಬೇಕೆಂದು ಆ ಯೋಜನೆ ಹೇಳುತ್ತದೆ. ನಮ್ಮ ಊರುಗಳಲ್ಲಿ ಪರಿಚಯದವರಿಂದ ಬಿಳಿ ಪ್ಲೇಟಿನ ಸ್ವಂತದ ಗಾಡಿಯನ್ನು ದಿನದ ಬಾಡಿಗೆಗೆ ತೆಗೆದುಕೊಳ್ಳುವುದು ರೂಢಿ. ದರ ಅಗ್ಗ, ಅದು ನಿಜ. ಆದರೆ ಖಾಸಗಿ ಗಾಡಿಯ ಪಾಲಿಸಿ ಬಾಡಿಗೆಯ ಓಡಾಟಕ್ಕೆ ಅನ್ವಯಿಸುವುದಿಲ್ಲ. ಮ್ಹೈಸಾಳ, ಕಾಗವಾಡದ ರಸ್ತೆಯಲ್ಲಿ ಕಬ್ಬಿನ ಟ್ರಾಲಿ ಬಂದು ಬಡಿದರೆ ಇನ್ಶುರನ್ಸ್ ಕಂಪನಿ ಕೈ ಎತ್ತಬಹುದು. ಆಗ ಇಡೀ ಖರ್ಚು ನಿಮ್ಮ ಮತ್ತು ಆ ಪರಿಚಯದವರ ನಡುವಿನ ಜಗಳವಾಗುತ್ತದೆ. ಸ್ನೇಹವೂ ಹೋಗುತ್ತದೆ. ಎಂಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿದರೆ ಗಾಡಿಯ ವರ್ಗ ಮತ್ತು ಇನ್ಶುರನ್ಸಿನ ಅವಧಿ ಎರಡೂ ಕಾಣುತ್ತವೆ. ಹಣ ಕೊಡುವ ಮೊದಲು ನೋಡಿ.

ಮತ್ತೆ ನಮ್ಮ ಸದಸ್ಯರ ಬಾಗಿಲಿಗೆ ಬರೋಣ. ಅವರು ಗಾಡಿ ತೆಗೆದುಕೊಳ್ಳುವಾಗ ಒಂದು ಫೋಟೊವನ್ನೂ ತೆಗೆದಿರಲಿಲ್ಲ. ಬೆಳಿಗ್ಗೆ ಗಾಡಿ ತೊಳೆದು ಒದ್ದೆಯಾಗಿಯೇ ತಂದು ನಿಲ್ಲಿಸಿದ್ದರಂತೆ. ಒದ್ದೆ ಗಾಡಿಯ ಮೇಲೆ ತರಚು ಕಾಣುವುದಿಲ್ಲ, ಇದು ಹಳೆಯ ಆಟ. ಉಳಿಸಿದ್ದು ಅವರ ಮಗಳು. ಹೊರಡುವ ಮೊದಲು ಅಜ್ಜಿಯನ್ನು ಗಾಡಿಗೆ ಆನಿಸಿ ನಿಲ್ಲಿಸಿ ಒಂದು ಸೆಲ್ಫಿ ತೆಗೆದಿದ್ದಳು. ಅಜ್ಜಿಯ ಸೆರಗಿನ ಪಕ್ಕ, ಬಾಗಿಲಿನ ಹಿಡಿಕೆಯ ಕೆಳಗೆ, ಅದೇ ಉದ್ದನೆಯ ಗೀರು! ಫೋಟೊದ ವಿವರದಲ್ಲಿ ದಿನಾಂಕ, ಸಮಯ ಎರಡೂ ಇದ್ದವು.

ಎಲ್ಲರಿಗೂ ಇಂಥ ಅದೃಷ್ಟ ಇರುವುದಿಲ್ಲ. ಆದ್ದರಿಂದ ಬಟ್ಟೆಯಿಂದ ಒರೆಸಿ, ಬೆಳಕಿನಲ್ಲಿ, ಗಾಡಿಯ ಸುತ್ತ ಒಂದೇ ಓಟದ ವಿಡಿಯೊ ಮಾಡಿ. ಬಂಪರುಗಳ ಕೆಳಗಿನ ಅಂಚು, ನಾಲ್ಕೂ ಗಾಲಿಯ ರಿಮ್ಮು, ಮುಂದಿನ ಗಾಜು, ಸ್ಟೆಪ್ನಿ, ಜಾಕ್, ಕಿಲೋಮೀಟರ್ ಮತ್ತು ಇಂಧನದ ಮುಳ್ಳು ಬರಲಿ. ಅಲ್ಲೇ ನಿಂತು ಅದನ್ನು ಗಾಡಿ ಕೊಟ್ಟವರ ವಾಟ್ಸಾಪಿಗೆ ಕಳಿಸಿ. ಫೋಟೊ ಕಳಿಸುವಾಗ ‘ಡಾಕ್ಯುಮೆಂಟ್’ ಎಂದು ಆರಿಸಿ ಕಳಿಸಿದರೆ ಸ್ಪಷ್ಟತೆ ಕೆಡುವುದಿಲ್ಲ. ಮೂಲ ಫೈಲನ್ನು ಮೊಬೈಲಿನಿಂದ ಅಳಿಸಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಇಂಥ ಪುರಾವೆಗೆ ಪ್ರಮಾಣಪತ್ರ ಕೊಡಬೇಕಾಗುತ್ತದೆ, ಮೂಲ ಇದ್ದರೆ ಆ ಕೆಲಸ ಸುಲಭ. ಮೂಲ ಡ್ರೈವಿಂಗ್ ಲೈಸೆನ್ಸನ್ನು ಒತ್ತೆ ಇಡಬೇಡಿ, ಪ್ರತಿ ಕೊಟ್ಟರೆ ಸಾಕು.

ಗಾಡಿ ಒಪ್ಪಿಸುವಾಗ ಸಾಧ್ಯವಾದಷ್ಟು ಹಗಲಿನಲ್ಲಿ, ಕೈಯಲ್ಲಿ ಒಂದು ಗಂಟೆ ಇಟ್ಟುಕೊಂಡು ಹೋಗಿ. ರೈಲಿನ ಅವಸರವೇ ಅವರ ಬಲ. ಒಪ್ಪದ ಕಾಗದಕ್ಕೆ ಸಹಿ ಕೇಳಿದರೆ ಸಹಿಯ ಮೇಲೆ ‘ಬಾಗಿಲಿನ ಗೀರು ಮೊದಲಿನದು, ಒಪ್ಪಿಗೆ ಇಲ್ಲ’ ಎಂದು ನಿಮಗೆ ಬರುವ ಭಾಷೆಯಲ್ಲಿ ಬರೆಯಿರಿ. ಕನ್ನಡದಲ್ಲಿ ಬರೆದರೂ ನಡೆಯುತ್ತದೆ. ಬರೆಯಲು ಬಿಡದಿದ್ದರೆ ಹೊರಗೆ ಬಂದ ಕೂಡಲೇ ಅದನ್ನೇ ಮೆಸೇಜ್ ಮಾಡಿ. ನಿಜವಾಗಿ ನಿಮ್ಮಿಂದಾದ ಪೆಟ್ಟನ್ನು ಮುಚ್ಚಿಡಬೇಡಿ. ನಮ್ಮ ಸದಸ್ಯರು ಬಂಪರಿನದು ಒಪ್ಪಿಕೊಂಡದ್ದರಿಂದಲೇ ಬಾಗಿಲಿನ ಮಾತಿಗೆ ತೂಕ ಬಂತು ಎಂಬುದು ನಮ್ಮ ಅನಿಸಿಕೆ.

ನಾವೆಲ್ಲ ಕೂತು ಒಂದು ಪತ್ರ ಬರೆದೆವು. ಉದ್ದವೇನಲ್ಲ. ಬೇಕಾದವರು ಇದನ್ನೇ ತಿದ್ದಿ ಬಳಸಬಹುದು:

‘ಇಂಥ ದಿನದಿಂದ ಇಂಥ ದಿನದವರೆಗೆ ಇಂಥ ನಂಬರಿನ ಗಾಡಿ ಬಾಡಿಗೆಗೆ ಪಡೆದಿದ್ದೆ. ಡಿಪಾಸಿಟ್ 10,000 ರೂಪಾಯಿ ನಿಮ್ಮಲ್ಲಿದೆ. ಬಂಪರಿನ ಕೆಳ ಅಂಚಿನ ತರಚು ನನ್ನಿಂದಾದದ್ದು, ಅದರ ರಿಪೇರಿಯ ನ್ಯಾಯವಾದ ಖರ್ಚು ಕೊಡಲು ಸಿದ್ಧನಿದ್ದೇನೆ. ಬಾಗಿಲಿನ ಗೀರು ಗಾಡಿ ಪಡೆಯುವ ಮೊದಲೇ ಇತ್ತು, ಫೋಟೊ ಲಗತ್ತಿಸಿದೆ. ಹೊಸ ಬಂಪರಿನ ಬಿಲ್, ತೆಗೆದ ಹಳೆಯ ಬಂಪರಿನ ಫೋಟೊ, ಗ್ಯಾರೇಜಿನ ಜಾಬ್ ಕಾರ್ಡ್ ಕಳಿಸಿ. 15 ದಿನದೊಳಗೆ ಉತ್ತರ ಮತ್ತು ಉಳಿದ ಹಣ ಬಾರದಿದ್ದರೆ ಸಾಂಗ್ಲಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡುತ್ತೇನೆ.’

ಇ-ಮೇಲಿನಲ್ಲಿ ಒಂದು, ರಿಜಿಸ್ಟರ್ಡ್ ಅಂಚೆಯಲ್ಲಿ ಒಂದು ಹೋಯಿತು. ಅವರಿಂದ ಮೊದಲು ಬಂದ ಉತ್ತರ: ‘ತಕರಾರು ಇದ್ದರೆ ಬೆಳಗಾವಿ ಕೋರ್ಟಿನಲ್ಲಿ ಮಾತ್ರ ಎಂದು ಕರಾರಿನಲ್ಲಿದೆ.’

ಗಡಿಯವರಾದ ನಾವು ಮುಖ್ಯವಾಗಿ ಗಮನಿಸಬೇಕಾದ್ದು ಇದನ್ನೇ. 2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 34ನೇ ಕಲಮು, ದೂರು ಕೊಡುವವರು ವಾಸಿಸುವ ಅಥವಾ ದುಡಿಯುವ ಊರಿನ ಜಿಲ್ಲಾ ಆಯೋಗದಲ್ಲಿ ದೂರು ಕೊಡಲು ಅವಕಾಶ ಮಾಡಿದೆ. 1986ರ ಹಳೆಯ ಕಾಯ್ದೆಯಲ್ಲಿ ಈ ಸೌಲಭ್ಯ ಇರಲಿಲ್ಲ. ಗಾಡಿ ಬೆಳಗಾವಿಯದಿರಲಿ, ಪಣಜಿಯದಿರಲಿ, ಕುಪವಾಡದವರು ಸಾಂಗ್ಲಿಯಲ್ಲಿ, ಅಥಣಿಯವರು ಬೆಳಗಾವಿಯಲ್ಲಿ, ಅಕ್ಕಲಕೋಟೆಯವರು ಸೊಲ್ಲಾಪುರದಲ್ಲಿ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವಕೀಲರು ಕಡ್ಡಾಯವಲ್ಲ. ಎರಡು ವರ್ಷದೊಳಗೆ ಕೊಡಬೇಕು. ಇ-ಜಾಗೃತಿ ಪೋರ್ಟಲಿನಲ್ಲಿ ಮನೆಯಿಂದಲೇ ಸಲ್ಲಿಸಬಹುದು, ವಿಡಿಯೊ ಮೂಲಕ ವಿಚಾರಣೆ ಕೇಳಬಹುದು. ಮೂರು ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕೆಂದು ಕಾಯ್ದೆ ಹೇಳಿದರೂ ಅಷ್ಟು ಬೇಗ ಮುಗಿಯುತ್ತದೆ ಎಂದುಕೊಳ್ಳಬೇಡಿ. ಅದಕ್ಕೂ ಮೊದಲು 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲಿಯೂ ಮಾತಾಡಬಹುದು. ಎಷ್ಟೋ ತಕರಾರು ಅಲ್ಲಿಯೇ ತೀರುತ್ತವೆ.

ಎಂಐಡಿಸಿಯ ನಮ್ಮ ಬಂಧುಗಳಿಗೆ ಇನ್ನೆರಡು ಮಾತು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಲ್ಲಿ ಉಚಿತ ಕಾನೂನು ನೆರವಿಗೆ ಅರ್ಹರಾದವರ ಪಟ್ಟಿ ಇದೆ. ಮಹಿಳೆಯರು, ಪರಿಶಿಷ್ಟ ಜಾತಿ ಪಂಗಡದವರ ಜೊತೆಗೆ ಕಾರಖಾನೆ ಕಾರ್ಮಿಕರೂ ಅದರಲ್ಲಿದ್ದಾರೆ. ಇದು ನಮ್ಮಲ್ಲಿ ಬಹಳ ಜನರಿಗೆ ಗೊತ್ತಿಲ್ಲ. ಇನ್ನು ಸ್ವಂತ ವರ್ಕ್‌ಶಾಪ್ ಇರುವವರು ಮಾಲು ಸಾಗಿಸಲು ಕಂಪನಿಯ ಹೆಸರಿನಲ್ಲಿ ಟೆಂಪೊ ಬಾಡಿಗೆಗೆ ಪಡೆದಿದ್ದರೆ ಅದು ವ್ಯಾಪಾರದ ಉದ್ದೇಶ ಎಂದು ಗ್ರಾಹಕ ಆಯೋಗ ದೂರನ್ನು ತಿರಸ್ಕರಿಸಬಹುದು. ಹೊಟ್ಟೆಪಾಡಿಗೆ ತಾವೇ ದುಡಿಯುವವರಿಗೆ ಮಾತ್ರ ಕಾಯ್ದೆಯಲ್ಲಿ ವಿನಾಯಿತಿ ಇದೆ.

ನಮ್ಮ ಸದಸ್ಯರು ಆಯೋಗದವರೆಗೆ ಹೋಗಬೇಕಾಗಲಿಲ್ಲ. 34ನೇ ಕಲಮನ್ನು ಉಲ್ಲೇಖಿಸಿ ಎರಡನೆಯ ಮೆಸೇಜ್ ಹೋದ ಮೇಲೆ ಮಾಲಕರೇ ಫೋನ್ ಮಾಡಿದರು. ಹೊಸ ಬಂಪರ್ ಹಾಕಿರಲಿಲ್ಲ, ಬಣ್ಣ ಹೊಡೆಸಿದ್ದರು. ಅದರ ಬಿಲ್ 2,600 ರೂಪಾಯಿ. ಅಷ್ಟನ್ನು ಹಿಡಿದು 7,400 ರೂಪಾಯಿಯನ್ನು ಖಾತೆಗೆ ಹಾಕಿದರು.

ಇಂಥ ತಕರಾರು ಇರುವವರು ತಿಂಗಳ ಸಭೆಗೆ ಅರ್ಧ ಗಂಟೆ ಮೊದಲೇ ಬನ್ನಿ. ಕರಾರಿನ ಪ್ರತಿ, ಹಣ ಕೊಟ್ಟ ರಸೀದಿ, ಫೋಟೊ ಇರುವ ಮೊಬೈಲು ಜೊತೆಗಿರಲಿ. ಸಾಂಗ್ಲಿ ಆಯೋಗಕ್ಕೆ ಮರಾಠಿಯಲ್ಲಿ ದೂರು ಬರೆಯಲು ಕಷ್ಟವಾದವರಿಗೆ ನಮ್ಮಲ್ಲಿ ಬರೆದುಕೊಡುವವರಿದ್ದಾರೆ.