ಹಳೇದಾದ್ರೆ ಸಾಕಾ? ಜರ್ಮನಿಯ ದುಬಾರಿ ಸ್ಟಾಂಪ್‌ಗಳ ಲೆಕ್ಕಾಚಾರ

ಸ್ಟಾಂಪ್ ಎಷ್ಟು ಹಳೇದೋ ಅಷ್ಟು ದುಬಾರಿ ಅಂತ ನಾವು ಬಹಳಷ್ಟು ಜನ ಅಂದ್ಕೊಂಡಿರ್ತೀವಿ. ಜರ್ಮನಿಯ ನಾಲ್ಕು ಉದಾಹರಣೆ ನೋಡಿದರೆ ಈ ಲೆಕ್ಕ ಸರಿಯಿಲ್ಲ ಅಂತ ಗೊತ್ತಾಗುತ್ತೆ.

ಮೊದಲನೆಯದು 'ಶ್ವಾರ್ಜರ್ ಐನ್ಸರ್', ಅಂದ್ರೆ 'ಕಪ್ಪು ಒಂದು'. 1849ರ ನವೆಂಬರ್ 1ರಂದು ಬವೇರಿಯಾ ರಾಜ್ಯ ಹೊರತಂದ ಇದೇ ಜರ್ಮನಿಯ ಮೊಟ್ಟಮೊದಲ ಅಂಚೆಚೀಟಿ. ಆದರೆ 8 ಲಕ್ಷಕ್ಕೂ ಹೆಚ್ಚು ಅಚ್ಚಾಗಿದ್ದರಿಂದ ಇವತ್ತಿಗೂ ಸಾಕಷ್ಟು ಉಳಿದಿವೆ. ಬೆಲೆ ಇದೆ ನಿಜ, ಕೋಟಿಗಟ್ಟಲೆ ಅಂತೂ ಇಲ್ಲ.

ಕೋಟಿ ಬೆಲೆಯದ್ದು ಬಾಡೆನ್ ರಾಜ್ಯದ 1851ರ ಸ್ಟಾಂಪ್. ಅಲ್ಲಿ ಎಲ್ಲಾ ಸ್ಟಾಂಪ್‌ಗೂ ಕಪ್ಪು ಶಾಯಿಯೇ. ಬೆಲೆ ತಿಳಿಯೋಕೆ ಕಾಗದದ ಬಣ್ಣ ಬೇರೆ ಬೇರೆ. 9 ಕ್ರಾಯ್ಟ್ಸರ್‌ಗೆ ಗುಲಾಬಿ, 6ಕ್ಕೆ ನೀಲಿ-ಹಸಿರು. ಒಮ್ಮೆ 9ರ ಸ್ಟಾಂಪ್ ತಪ್ಪಿ ನೀಲಿ-ಹಸಿರು ಕಾಗದದ ಮೇಲೆ ಅಚ್ಚಾಗಿಬಿಡ್ತು! ಅಂಥವು ಈಗ ಬೆರಳೆಣಿಕೆಯಷ್ಟೇ ಉಳಿದಿವೆ. 2019ರಲ್ಲಿ ಒಂದು 10 ಲಕ್ಷ ಯೂರೋಗೂ ಹೆಚ್ಚಿಗೆ ಹರಾಜಾಯ್ತು.

ಹೊಸ ಸ್ಟಾಂಪ್‌ಗೂ ಇಂಥ ಯೋಗ ಬರಬಹುದು. 2001ರಲ್ಲಿ ಜರ್ಮನ್ ಅಂಚೆ ಇಲಾಖೆಗಾಗಿ ನಟಿ ಆಡ್ರೆ ಹೆಪ್‌ಬರ್ನ್ ಚಿತ್ರದ ಸ್ಟಾಂಪ್‌ಗಳು ಅಚ್ಚಾದವು. ಬಾಯಲ್ಲಿ ಸಿಗರೇಟ್ ಹೋಲ್ಡರ್ ಇದ್ದ ಆ ಚಿತ್ರಕ್ಕೆ ಅವರ ಮಗ ಒಪ್ಪಲಿಲ್ಲ. ಹಾಗಾಗಿ ಎಲ್ಲವನ್ನೂ ನಾಶ ಮಾಡೋಕೆ ಆದೇಶವಾಯ್ತು, ಆದರೆ ಕೆಲವು ಹೇಗೋ ಹೊರಬಿದ್ದವು. 2010ರಲ್ಲಿ ಅದರ 10 ಸ್ಟಾಂಪ್‌ಗಳ ಒಂದು ಹಾಳೆ ಬರ್ಲಿನ್‌ನಲ್ಲಿ 4,30,000 ಯೂರೋಗೆ ಮಾರಾಟವಾಯ್ತು.

ನಾಲ್ಕನೆಯದು ಇನ್ನೂ ಮಜಾ ಇದೆ. 1923ರಲ್ಲಿ ಹಣದುಬ್ಬರ ಎಷ್ಟು ಏರಿತ್ತು ಅಂದ್ರೆ 5,000 ಕೋಟಿ ಮಾರ್ಕ್ ಮುಖಬೆಲೆಯ ಸ್ಟಾಂಪ್ ಕೂಡ ಬಂತು. ದರ ಮತ್ತೆ ಮತ್ತೆ ಏರುತ್ತಿದ್ದುದರಿಂದ ಆ ಕಾಲದ ಎಷ್ಟೋ ಸ್ಟಾಂಪ್‌ಗಳು ಬಳಕೆಯಲ್ಲಿ ಇದ್ದದ್ದೇ ಸ್ವಲ್ಪ ದಿನ. ಬಳಸದೆ ಉಳಿದವು ರಾಶಿ ರಾಶಿ. ಅದಕ್ಕೇ ಇಲ್ಲಿ ಲೆಕ್ಕ ತಿರುಗಾಮುರುಗಾ: ಎಷ್ಟೋ ಸಲ ಹೊಸದಾಗಿ ಉಳಿದದ್ದು ಅಗ್ಗ, ಆ ಕಾಲದ ಅಸಲಿ ಅಂಚೆ ಮುದ್ರೆ ಬಿದ್ದದ್ದು ದುಬಾರಿ. ಇದೇ ಆಸೆಗೆ ನಕಲಿ ಮುದ್ರೆ ಒತ್ತಿ ಮಾರೋರೂ ಇದ್ದಾರೆ.

ಅಂದ್ರೆ ಬೆಲೆ ಕಟ್ಟೋದು ವಯಸ್ಸೊಂದೇ ಅಲ್ಲ. ಎಷ್ಟು ಉಳಿದಿವೆ, ಎಷ್ಟು ಜನಕ್ಕೆ ಬೇಕು, ಯಾವ ಸ್ಥಿತಿಯಲ್ಲಿದೆ, ಅಸಲಿಯೇ ಅನ್ನೋದನ್ನೆಲ್ಲ ನೋಡ್ತಾರೆ. ಆದ್ದರಿಂದ 'ನೂರು ವರ್ಷ ಹಳೇದು' ಅಂತ ಯಾರಾದ್ರೂ ಆನ್‌ಲೈನ್‌ನಲ್ಲಿ ಮಾರೋಕೆ ಬಂದರೆ ದುಡ್ಡು ಕಳಿಸೋ ಮುಂಚೆ ಪರಿಣತರ ಪ್ರಮಾಣಪತ್ರ ಕೇಳೋಣ. ಹಾಗೇ ಅಜ್ಜನ ಪೆಟ್ಟಿಗೆಯಲ್ಲಿ ಹಳೇ ಕಾಗದಗಳು ಸಿಕ್ಕರೆ ಸ್ಟಾಂಪ್ ಕಿತ್ತು ತೆಗೆಯೋದು ಬೇಡ. ಲಕೋಟೆ ಸಮೇತ ಇದ್ದರೆ ಎಷ್ಟೋ ಸಲ ಬೆಲೆ ಹೆಚ್ಚು.